ಅರಿಶಿನ ಎಂಬ ಮನೆಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ವಾಟ್ಸಾಪ್ ನಂಬಿದರೆ ಅರಿಶಿನ ಕ್ಯಾನ್ಸರಿನಿಂದ ಮರೆವಿನವರೆಗೆ ಎಲ್ಲದಕ್ಕೂ ಮದ್ದು. ಇನ್ನು ಕೆಲವರ ಪ್ರಕಾರ ಅದೆಲ್ಲ ಬರೀ ಅಜ್ಜಿ ಕಥೆ. ಎರಡೂ ಕಡೆಯವರು ಒಂದು ವಿಷಯ ಮರೆಯುತ್ತಾರೆ. ಸಾರಿಗೆ ಹಾಕುವ ಅರಿಶಿನ ಬೇರೆ, ಮೆಡಿಕಲ್ ಶಾಪಿನ ಡಬ್ಬಿಯಲ್ಲಿ ಬರುವ ಕ್ಯಾಪ್ಸೂಲ್ ಬೇರೆ. ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿದಾಗಲೇ ಗೊಂದಲ ಶುರುವಾಗುವುದು. ಕೆಳಗಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಅರಿಶಿನದಲ್ಲಿ ಮದ್ದಿನ ಅಂಶ ಅಂತ ಇರುವುದು ಏನು?

ಅರಿಶಿನ ಶುಂಠಿಯ ಕುಟುಂಬಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕರ್ಕ್ಯುಮಾ ಲಾಂಗಾ. ನಾವು ಬಳಸುವುದು ನೆಲದೊಳಗಿನ ಗಡ್ಡೆ ಮತ್ತು ಅದರಿಂದ ಕವಲೊಡೆದ ಕೊಂಬುಗಳನ್ನು. ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಮತ್ತು ಅದರ ಹತ್ತಿರದ ಎರಡು ರಾಸಾಯನಿಕಗಳು. ಇದನ್ನು ಮೊದಲು ಬೇರ್ಪಡಿಸಿದ್ದು 1815ರಲ್ಲಿ, ಯುರೋಪಿನಲ್ಲಿ. ವಾಸನೆ ಮತ್ತು ಖಾರದ ಒಗರು ಬರುವುದು ಅದರಲ್ಲಿರುವ ಎಣ್ಣೆಯಿಂದ. ಸಂಶೋಧನೆಯೆಲ್ಲ ಕರ್ಕ್ಯುಮಿನ್ ಸುತ್ತಲೇ ತಿರುಗುತ್ತದೆ. ಎಣ್ಣೆಯ ಕಡೆ ಗಮನ ಕಡಿಮೆ, ಅದು ಸ್ವಲ್ಪ ಅನ್ಯಾಯವೇ.

ಈಗ ಒಂದು ಸಣ್ಣ ಲೆಕ್ಕ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ವರ್ಗದ ಅಂಶ ಸಾಮಾನ್ಯವಾಗಿ ಶೇ. 2ರಿಂದ 5. ಶೇ. 3 ಅಂತಲೇ ಹಿಡಿಯೋಣ. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅಂದರೆ ಅದರಲ್ಲಿ ಸಿಗುವುದು 90 ಮಿಲಿಗ್ರಾಂ. ನಾಲ್ಕು ಜನರ ಸಾರಿಗೆ ನಾವು ಹಾಕುವುದು ಕಾಲು ಚಮಚ, ಅಲ್ವಾ? ಒಬ್ಬರ ತಟ್ಟೆಗೆ ಬರುವುದು ಐದಾರು ಮಿಲಿಗ್ರಾಂ ಅಷ್ಟೇ. ಆದರೆ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲಿನಲ್ಲಿ ಶೇ. 95ರಷ್ಟು ಕರ್ಕ್ಯುಮಿನ್ ಇದ್ದರೆ, ಅದು ಐದು ಚಮಚ ಪುಡಿಗೆ ಸಮ. ಯಾವ ಅಜ್ಜಿಯೂ ಒಂದು ಹೊತ್ತಿಗೆ ಐದು ಚಮಚ ಅರಿಶಿನ ತಿನ್ನಿಸಿದ್ದಿಲ್ಲ.

ತಿಂದ ಅರಿಶಿನ ಮೈಗೆ ಹತ್ತುವುದೇ ಇಲ್ಲ ಅಂತಾರೆ. ಕಾಳುಮೆಣಸು ಹಾಕಲೇಬೇಕಾ?

ಹತ್ತುವುದು ಕಡಿಮೆ ಎಂಬುದು ನಿಜ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಸೇರಿದ್ದನ್ನೂ ಲಿವರ್ ಬೇಗ ಬದಲಾಯಿಸಿ ಹೊರಗೆ ಕಳಿಸುತ್ತದೆ.

ಕಾಳುಮೆಣಸಿನ ಕಥೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಅದರ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ಮೈಗೆ ಸೇರುವ ಪ್ರಮಾಣ ಶೇ. 2000ದಷ್ಟು ಹೆಚ್ಚಾಯಿತು. ಈಗ ಜಗತ್ತಿನಾದ್ಯಂತ ಎಲ್ಲರೂ ಹೇಳುವ ಸಂಖ್ಯೆ ಇದೇ.

ಆದರೆ ಹೆಚ್ಚಾದದ್ದು ಬಹಳ ಸಣ್ಣ ಮೊತ್ತದಿಂದ ಎಂಬುದನ್ನು ಯಾರೂ ಹೇಳುವುದಿಲ್ಲ. ಪೈಪರಿನ್ ಈ ಕೆಲಸ ಮಾಡುವುದು ಲಿವರಿನ ವಿಲೇವಾರಿ ಕೆಲಸವನ್ನು ನಿಧಾನ ಮಾಡಿ. ನೀವು ನುಂಗುವ ಬೇರೆ ಮಾತ್ರೆಗಳ ವಿಲೇವಾರಿಯೂ ಹಾಗೆಯೇ ನಿಧಾನವಾಗಬಹುದು. ಹಾಲಿಗೆ ಎರಡು ಕಾಳು ಮೆಣಸು ಕುಟ್ಟಿ ಹಾಕಿದರೆ ಇದರ ಚಿಂತೆ ಬೇಡ. ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಪೈಪರಿನ್ ಅಂತ ಬರೆದಿದ್ದರೆ, ಮತ್ತು ನೀವು ದಿನಾ ಬೇರೆ ಮಾತ್ರೆ ತಗೊಳ್ಳುವವರಾದರೆ, ಡಾಕ್ಟರಿಗೆ ತೋರಿಸಿ.

ಹೊತ್ತು ಹೊತ್ತಿಗೂ ಕುದಿಸಿದರೆ, ಕುಕ್ಕರಿನಲ್ಲಿ ಬೇಯಿಸಿದರೆ ಸತ್ವ ಹೋಗುತ್ತದಾ?

ಸ್ವಲ್ಪ ಹೋಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದನ್ನು ಅಳೆದು ನೋಡಿದೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೇಯಿಸಿದಾಗ ಕರ್ಕ್ಯುಮಿನ್ ಶೇ. 27ರಿಂದ 53ರವರೆಗೆ ಕಡಿಮೆಯಾಗುತ್ತದೆ. ಅತಿ ಹೆಚ್ಚು ಕಳೆದುಹೋಗಿದ್ದು ಪ್ರೆಶರ್ ಕುಕ್ಕರಿನಲ್ಲಿ 10 ನಿಮಿಷ ಇಟ್ಟಾಗ. ಹುಣಸೆಹಣ್ಣು ಜೊತೆಗಿದ್ದಾಗ ನಷ್ಟ ಶೇ. 12ರಿಂದ 30ಕ್ಕೆ ಇಳಿಯಿತು. ನಮ್ಮ ಸಾರು, ಹುಳಿ, ಗೊಜ್ಜು ಎಲ್ಲದರಲ್ಲೂ ಅರಿಶಿನದ ಜೊತೆ ಹುಣಸೆ ಇರುವುದು ರುಚಿಗೆ. ಆದರೂ ಕೇಳಿ ಖುಷಿಯಾಯಿತು.

ಬೇಳೆಯ ಜೊತೆ ಕುಕ್ಕರಿಗೆ ಹಾಕುವ ಬದಲು ಒಗ್ಗರಣೆಯಲ್ಲಿ ಹಾಕಿದರೆ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಉರಿ ಸಣ್ಣಗಿರಲಿ, ಅರಿಶಿನ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ.

ಅರಿಶಿನದ ಹಾಲು ಮಾಡುವ ಸರಿಯಾದ ಕ್ರಮ ಯಾವುದು?

ಮನೆಗೊಂದು ಕ್ರಮ ಇದೆ. ನಮ್ಮಲ್ಲಿ ಮಾಡುವುದು ಹೀಗೆ. ಒಂದು ಲೋಟ ಹಾಲಿಗೆ ಕಾಲು ಟೀ ಚಮಚ ಅರಿಶಿನ, ಎರಡು ಕಾಳುಮೆಣಸು ಜಜ್ಜಿದ್ದು, ಬೇಕಿದ್ದರೆ ಉಗುರಿನಷ್ಟು ಶುಂಠಿ. ಮೊದಲು ಅರಿಶಿನವನ್ನು ಎರಡು ಚಮಚ ತಣ್ಣನೆ ಹಾಲಿನಲ್ಲಿ ಕದಡಿಕೊಳ್ಳಬೇಕು. ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಗಂಟು ಗಂಟಾಗಿ ಮೇಲೆ ತೇಲುತ್ತದೆ. ಆಮೇಲೆ ಒಂದು ಕುದಿ ಬಂದ ಮೇಲೂ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬಿಡಬೇಕು. ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ, ಮಕ್ಕಳು ಮುಖ ಸಿಂಡರಿಸಿ ಲೋಟ ವಾಪಸ್ ಕೊಡುತ್ತಾರೆ. ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಹಾಲು ಒಡೆಯುವ ಸಾಧ್ಯತೆ ಇದೆ. ಕೆನೆ ತೆಗೆಯಬೇಡಿ, ಕೊಬ್ಬು ಇದ್ದರೇ ಅರಿಶಿನ ಮೈಗೆ ಹತ್ತುವುದು.

ನೆಗಡಿ ಇದರಿಂದ ಬೇಗ ಹೋಗುತ್ತದಾ? ಹೋಗುತ್ತದೆ ಅಂತ ಗಟ್ಟಿಯಾಗಿ ಹೇಳುವಂಥ ಪುರಾವೆ ಇಲ್ಲ. ಗಂಟಲಿಗೆ ಹಿತ ಸಿಗುತ್ತದೆ, ಬಿಸಿ ಒಳಗೆ ಹೋಗುತ್ತದೆ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ನೆಗಡಿಗೆ ಇಂಗ್ಲಿಷ್ ಔಷಧಿ ಮಾಡುವುದೂ ಹೆಚ್ಚುಕಡಿಮೆ ಇಷ್ಟೇ ತಾನೇ. ಜ್ವರ ಮೂರು ದಿನ ದಾಟಿದರೆ, ಉಸಿರಾಟಕ್ಕೆ ಕಷ್ಟವಾದರೆ, ಹಾಲಿನ ಲೋಟ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಮೂಗು ಕಟ್ಟಿದರೆ ಅರಿಶಿನ ಕೊಂಬಿನ ಹೊಗೆ ತಗೊಳ್ಳುವುದು ಸರಿಯಾ?

ಹಳೆಯ ಮನೆಗಳಲ್ಲಿ ಈಗಲೂ ಮಾಡುತ್ತಾರೆ. ಒಣ ಕೊಂಬಿನ ತುದಿಯನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಅದ್ದಿ ದೀಪದ ಕುಡಿಗೆ ಹಿಡಿಯುತ್ತಾರೆ. ಹೊತ್ತಿಕೊಂಡ ಕೂಡಲೇ ಊದಿ ಆರಿಸಿದರೆ ಎಳೆ ಎಳೆಯಾಗಿ ಹೊಗೆ ಬರುತ್ತದೆ. ಅದನ್ನು ಒಂದೊಂದೇ ಹೊಳ್ಳೆಯಿಂದ ಎಳೆದುಕೊಳ್ಳಬೇಕು. ಕಣ್ಣಲ್ಲಿ ನೀರು ಬರುತ್ತದೆ, ಸೀನು ಬರುತ್ತದೆ, ಮೂಗು ಬಿಚ್ಚಿದ ಹಾಗೆ ಆಗುತ್ತದೆ. ದೊಡ್ಡವರು ಅಪರೂಪಕ್ಕೆ ಒಂದೆರಡು ಸಲ ಎಳೆದರೆ ಅಂಥ ತೊಂದರೆ ಏನಿಲ್ಲ.

ಆದರೆ ಹೊಗೆ ಹೊಗೆಯೇ. ಆಸ್ತಮಾ, ಉಬ್ಬಸ ಇರುವವರಿಗೆ ಬೇಡವೇ ಬೇಡ. ಕೂಸಿನ ತೊಟ್ಟಿಲ ಹತ್ತಿರವಂತೂ ಮಾಡಲೇಬೇಡಿ. ಬಿಸಿನೀರಿನ ಹಬೆ ಇದಕ್ಕಿಂತ ವಾಸಿ.

ಕೈ ಕುಯ್ದರೆ ಅರಿಶಿನ ಒತ್ತಬಹುದಾ?

ತರಕಾರಿ ಹೆಚ್ಚುವಾಗ ಬೆರಳಿಗೆ ಆದ ಸಣ್ಣ ಗಾಯ, ತರಚು ಗಾಯಕ್ಕೆ ತೊಂದರೆಯಿಲ್ಲ. ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಆಮೇಲೆ ಶುದ್ಧವಾದ ಪುಡಿ. ಕರ್ಕ್ಯುಮಿನ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ 1949ರಷ್ಟು ಹಿಂದೆಯೇ ಕಂಡುಬಂದಿತ್ತು. ಊತ ಇಳಿಸುವ ಗುಣವೂ ಇದೆ. ಆಳವಾದ ಗಾಯ, ತುಕ್ಕು ಹಿಡಿದ ಕಬ್ಬಿಣ ಚುಚ್ಚಿದ ಗಾಯ, ನಾಯಿ ಕಚ್ಚಿದ್ದು, ಸುಟ್ಟ ಗಾಯ, ಶುಗರ್ ಇರುವವರ ಕಾಲಿನ ಹುಣ್ಣು ಇವುಗಳಿಗೆ ಅರಿಶಿನ ಮೆತ್ತಬೇಡಿ. ಮೆತ್ತಿದರೆ ಡಾಕ್ಟರಿಗೆ ಒಳಗೆ ಏನಾಗಿದೆ ಅಂತ ಕಾಣುವುದಿಲ್ಲ. ಟಿಟಿ ಇಂಜೆಕ್ಷನ್, ರೇಬಿಸ್ ಲಸಿಕೆಯ ಕೆಲಸವನ್ನು ಅರಿಶಿನ ಮಾಡುವುದಿಲ್ಲ. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಗೂ ಹಚ್ಚಬಾರದು. ಅದು ಒಣಗಿರಬೇಕು, ಅಷ್ಟೇ.

ಗಾಯಕ್ಕೆ ಅರಿಶಿನ ಹಚ್ಚುವ ಈ ಮಾಮೂಲಿ ವಿಷಯವೇ ಒಮ್ಮೆ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು. 1995ರ ಮಾರ್ಚಿನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಶಿನದ ಬಳಕೆ ಎಂಬುದರ ಮೇಲೆ ಹಕ್ಕು ಸಿಕ್ಕಿತು. ಅರ್ಜಿ ಹಾಕಿದ ಇಬ್ಬರೂ ಭಾರತ ಮೂಲದವರು ಎಂಬುದು ಇನ್ನೊಂದು ತಮಾಷೆ. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಆರ್.ಎ. ಮಾಶೇಲ್ಕರ್. ಇದು ಎಲ್ಲರಿಗೂ ಗೊತ್ತು ಎಂದರೆ ಪೇಟೆಂಟ್ ಕಚೇರಿ ಕೇಳುವುದಿಲ್ಲ, ಬರವಣಿಗೆಯಲ್ಲಿ ತೋರಿಸಬೇಕು. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳಿಂದ ಮತ್ತು ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಒಂದು ಲೇಖನದಿಂದ ಒಟ್ಟು 32 ಆಧಾರಗಳನ್ನು ಕೊಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮ ಹಳೆಯ ವೈದ್ಯದ ಮಾಹಿತಿಯನ್ನೆಲ್ಲ ಪೇಟೆಂಟ್ ಕಚೇರಿಗಳಿಗೆ ಓದಲು ಬರುವ ಭಾಷೆಗಳಲ್ಲಿ ಜೋಡಿಸಿಡುವ ಸರ್ಕಾರಿ ಡಿಜಿಟಲ್ ಗ್ರಂಥಾಲಯ 2001ರಲ್ಲಿ ಶುರುವಾದುದರ ಹಿಂದೆ ಈ ಪ್ರಸಂಗ ಇದೆ.

ಆಯುರ್ವೇದ ಏನು ಹೇಳುತ್ತದೆ?

ಅಲ್ಲಿ ಇದರ ಹೆಸರು ಹರಿದ್ರಾ. ರಾತ್ರಿಯ ಹೆಸರುಗಳೆಲ್ಲ ಇದಕ್ಕೂ ಇವೆ, ನಿಶಾ, ರಜನಿ ಹೀಗೆ. ಚರಕಸಂಹಿತೆ ಮದ್ದುಗಳನ್ನು ಹತ್ತು ಹತ್ತರ ಗುಂಪು ಮಾಡುತ್ತದೆ. ಅದರಲ್ಲಿ ಅರಿಶಿನ ಬರುವುದು ಚರ್ಮರೋಗ ಕಳೆಯುವ ಗುಂಪಿನಲ್ಲಿ, ವಿಷ ಕಳೆಯುವ ಗುಂಪಿನಲ್ಲಿ ಮತ್ತು ಮೈಯ ಕೊಬ್ಬು ಕರಗಿಸುವ ಗುಂಪಿನಲ್ಲಿ. ರುಚಿ ಕಹಿ ಮತ್ತು ಖಾರ, ಗುಣ ಉಷ್ಣ. ಅದಕ್ಕೇ ಮೈ ಒಣಗಿದವರಿಗೆ, ಉಷ್ಣ ಜಾಸ್ತಿ ಇರುವವರಿಗೆ ಬರೀ ಅರಿಶಿನ ಕೊಡುವುದಿಲ್ಲ, ಹಾಲು ಅಥವಾ ತುಪ್ಪದ ಜೊತೆ ಕೊಡುತ್ತಾರೆ. ಮೈಯಲ್ಲಿ ಪಿತ್ತದ ಗಂಧೆ ಎದ್ದು ತುರಿಸುವಾಗ ವೈದ್ಯರು ಕೊಡುವ ಹರಿದ್ರಾಖಂಡ ಎಂಬ ಪುಡಿಯಲ್ಲಿ ಮುಖ್ಯವಾದುದು ಇದೇ.

ಇವುಗಳನ್ನು ಬರೆದವರು ಅರಿಶಿನವನ್ನು ಒಂಟಿಯಾಗಿ ಕೊಟ್ಟಿದ್ದು ಕಡಿಮೆ. ಹೆಚ್ಚಾಗಿ ಬೇರೆ ಐದಾರು ಸಾಮಾನುಗಳ ಜೊತೆ, ರೋಗಿಯ ಮೈ ನೋಡಿ. ಒಂದು ಅಂಶ ಮಾತ್ರ ಹಿಂಡಿ ತೆಗೆದು ಗುಳಿಗೆ ಮಾಡಿ, ಆಯುರ್ವೇದದಲ್ಲಿ ಹೇಳಿದೆ ಅಂತ ಮಾರುವುದು ಯಾವ ಆಯುರ್ವೇದವೋ ನನಗೆ ಅರ್ಥವಾಗಿಲ್ಲ.

ಶುಗರಿಗೆ ನೆಲ್ಲಿಕಾಯಿ ಮತ್ತು ಅರಿಶಿನ ಒಳ್ಳೆಯದಾ?

ಹಳೆಯ ಜೋಡಿ ಇದು. ಪ್ರಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಯೂ ಸೇರಿದ ಮೂತ್ರದ ತೊಂದರೆಗಳಿಗೆ, ನೆಲ್ಲಿ ಮತ್ತು ಅರಿಶಿನವೇ ಶ್ರೇಷ್ಠ ಎಂದು ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ವೈದ್ಯರು ಇದನ್ನು ನಿಶಾಮಲಕಿ ಅನ್ನುತ್ತಾರೆ, ಅಂಗಡಿಯಲ್ಲಿ ಚೂರ್ಣವಾಗಿಯೂ ಸಿಗುತ್ತದೆ. ಸಕ್ಕರೆ ಮಟ್ಟವನ್ನು ಅರಿಶಿನ ಒಂದಿಷ್ಟು ಇಳಿಸಬಹುದು ಎಂಬ ಸೂಚನೆ ಕೆಲವು ಅಧ್ಯಯನಗಳಲ್ಲೂ ಇದೆ. ಮಾತ್ರೆ ಬಿಟ್ಟು ಇದನ್ನು ಹಿಡಿಯುವಷ್ಟು ಬಲ ಅದಕ್ಕಿಲ್ಲ. ಮಾತ್ರೆಯ ಜೊತೆ ತಗೊಳ್ಳುವುದಾದರೆ ಡಾಕ್ಟರಿಗೆ ಹೇಳಿ. ಎರಡೂ ಸೇರಿ ಸಕ್ಕರೆ ತೀರಾ ಕೆಳಗೆ ಹೋದರೆ ಅದೂ ಅಪಾಯ.

ಕಜ್ಜಿ, ಮೊಡವೆ, ಮುಖದ ಕಾಂತಿ?

ಬೇವು ಮತ್ತು ಅರಿಶಿನ ಅರೆದು ಹಚ್ಚುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ತುರಿಕಜ್ಜಿಗೆ ಇದನ್ನು 814 ಜನರ ಮೇಲೆ ಪ್ರಯೋಗ ಮಾಡಿದ ವರದಿ 1992ರಲ್ಲಿ ಬಂತು. ಶೇ. 97 ಮಂದಿಗೆ 3ರಿಂದ 15 ದಿನದಲ್ಲಿ ವಾಸಿಯಾಯಿತು ಎಂದು ಅದರಲ್ಲಿದೆ. ಹೋಲಿಸಿ ನೋಡಲು ಬೇರೆ ಮದ್ದು ಕೊಟ್ಟ ಇನ್ನೊಂದು ಗುಂಪು ಇರಲಿಲ್ಲ ಎಂಬ ಕೊರತೆ ಇದೆ. ಆದರೂ ತಳ್ಳಿಹಾಕುವ ಫಲಿತಾಂಶ ಅಲ್ಲ. ತುರಿಕಜ್ಜಿ ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಹಚ್ಚಬೇಕು, ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಯಬೇಕು. ಇಲ್ಲದಿದ್ದರೆ ಯಾವ ಮದ್ದೂ ನಿಲ್ಲುವುದಿಲ್ಲ.

ಮುಖಕ್ಕೆ ಕಡಲೆಹಿಟ್ಟು, ಮೊಸರು, ಚಿಟಿಕೆ ಅರಿಶಿನ ಹಚ್ಚುವುದರಿಂದ ಹಾನಿಯಿಲ್ಲ. ಬಣ್ಣ ಬೆಳ್ಳಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕಸ್ತೂರಿ ಅರಿಶಿನ ಎಂಬುದು ಬೇರೆಯೇ ಗಿಡ. ಕರ್ಪೂರದಂಥ ಪರಿಮಳ, ಮುಖಕ್ಕೆ ಹಳದಿ ಅಷ್ಟಾಗಿ ಹತ್ತುವುದಿಲ್ಲ, ಅಡುಗೆಗೆ ಬಳಸುವುದಿಲ್ಲ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಬೇರೆ ಬೇರೆ ಗಡ್ಡೆಗಳ ಪುಡಿಯನ್ನು ಮಾರುತ್ತಾರೆ, ನೋಡಿ ಕೊಳ್ಳಿ. ಅರಿಶಿನ ಕೆಲವರಿಗೆ ಅಲರ್ಜಿ ಆಗುತ್ತದೆ. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಮದುವೆಯ ಅರಿಶಿನ ಶಾಸ್ತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಮುಹೂರ್ತದ ಬೆಳಿಗ್ಗೆ ಮದುಮಗಳ ಮುಖ ಕೆಂಪಗೆ ಊದಿಕೊಂಡರೆ ಯಾರಿಗೆ ಬೇಕು?

ಮಂಡಿ ನೋವಿಗೆ, ಹೊಟ್ಟೆ ಉರಿಗೆ ಕೆಲಸ ಮಾಡುತ್ತದಾ?

ಕರ್ಕ್ಯುಮಿನ್ ಪರವಾಗಿ ಸ್ವಲ್ಪ ಗಟ್ಟಿಯಾಗಿ ಮಾತಾಡಬಹುದಾದ ಜಾಗ ಇವೆರಡೇ. ಮಂಡಿ ಸವೆತದ ನೋವಿನ ಮೇಲೆ ಹಲವು ಸಣ್ಣ ಪ್ರಯೋಗಗಳು ನಡೆದಿವೆ. ನೋವು ಒಂದಿಷ್ಟು ಕಡಿಮೆಯಾಗುತ್ತದೆ ಎಂಬುದು ಅವುಗಳ ಒಟ್ಟು ಧಾಟಿ. ಹೊಟ್ಟೆಯ ವಿಷಯದಲ್ಲಿ ಥಾಯ್ಲೆಂಡಿನ ಒಂದು ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಅಜೀರ್ಣ, ಹೊಟ್ಟೆ ಉಬ್ಬರ, ಮೇಲ್ಹೊಟ್ಟೆ ನೋವು ಇದ್ದ 206 ಜನರಲ್ಲಿ ಕೆಲವರಿಗೆ ಕರ್ಕ್ಯುಮಿನ್, ಕೆಲವರಿಗೆ ಹೊಟ್ಟೆಯ ಆಸಿಡ್ ತಗ್ಗಿಸುವ ಒಮೆಪ್ರಜೋಲ್ ಮಾತ್ರೆ, ಉಳಿದವರಿಗೆ ಎರಡೂ ಕೊಟ್ಟರು. ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ರೀತಿ ಗುಣ ಸಿಕ್ಕಿತು. ಆದರೆ ಇದೆಲ್ಲ ಔಷಧಿಯ ಪ್ರಮಾಣದಲ್ಲಿ, ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟಿದ್ದು. ಪಲ್ಯಕ್ಕೆ ಅರ್ಧ ಚಮಚ ಜಾಸ್ತಿ ಅರಿಶಿನ ಹಾಕಿದರೆ ಮಂಡಿ ನೋವು ಹೋಗುವುದಿಲ್ಲ, ಪಲ್ಯ ಕಹಿಯಾಗುತ್ತದೆ.

ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ವಿಡಿಯೋ ಬಂದಿದೆ.

ನಂಬುವುದು ಬೇಡ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳ ಮೇಲೆ ಕರ್ಕ್ಯುಮಿನ್ ಸುರಿದರೆ ಅವು ಸಾಯುತ್ತವೆ, ನಿಜ. ಅಷ್ಟು ಪ್ರಮಾಣ ಮನುಷ್ಯನ ರಕ್ತಕ್ಕೆ ಸೇರುವುದೇ ಇಲ್ಲ. ಇನ್ನೊಂದು ತೊಡಕೂ ಇದೆ. ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ, ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕೆಲಸ ಮಾಡದಿದ್ದರೂ ಮಾಡಿದ ಹಾಗೆ ತೋರಿಸುತ್ತದೆ. 2017ರಲ್ಲಿ ಔಷಧ ರಸಾಯನ ತಜ್ಞರ ಒಂದು ತಂಡ ಇದನ್ನೆಲ್ಲ ವಿವರವಾಗಿ ಬಿಡಿಸಿಟ್ಟಿತು. ಈ ಕ್ಷೇತ್ರದ ಹತ್ತಾರು ಸಂಶೋಧನಾ ಪ್ರಬಂಧಗಳನ್ನು ಪತ್ರಿಕೆಗಳೇ ವಾಪಸ್ ಪಡೆದಿರುವುದೂ ನಡೆದಿದೆ. ಚಿಕಿತ್ಸೆಯಲ್ಲಿ ಇರುವವರು ಅರಿಶಿನದ ಕ್ಯಾಪ್ಸೂಲನ್ನು ಕ್ಯಾನ್ಸರ್ ಡಾಕ್ಟರಿಗೆ ಹೇಳದೆ ತಗೊಳ್ಳಲೇಬಾರದು. ಕೆಲವು ಕೀಮೋ ಔಷಧಿಗಳ ಕೆಲಸಕ್ಕೆ ಅದು ಅಡ್ಡ ಬರಬಹುದು.

ಕಾಮಾಲೆಗೆ ಅರಿಶಿನ ಬಿಡಬೇಕಾ, ತಿನ್ನಬೇಕಾ?

ಎರಡು ಥರದ ನಂಬಿಕೆಯೂ ಇದೆ. ಕಣ್ಣು ಹಳದಿ ಆಗಿರುವಾಗ ಹಳದಿ ತಿನ್ನಬಾರದು ಅಂತ ಕೆಲವರು ಅಡುಗೆಯಲ್ಲಿ ಪೂರ್ತಿ ಬಿಡುತ್ತಾರೆ. ಕಣ್ಣು ಹಳದಿಯಾಗುವುದು ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶ ಏರಿದಾಗ, ಅದಕ್ಕೂ ಅರಿಶಿನದ ಬಣ್ಣಕ್ಕೂ ಸಂಬಂಧವಿಲ್ಲ. ಅಡುಗೆಯ ಚಿಟಿಕೆ ಇದ್ದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಲಿವರ್ ಸುಧಾರಿಸುವ ತನಕ ಕ್ಯಾಪ್ಸೂಲ್, ಕಷಾಯ ಬೇಡ.

ಮಲೆನಾಡಿನ ನಾಟಿ ವೈದ್ಯರು ಕಾಮಾಲೆಗೆ ಬಳಸುವ ಮರದರಿಶಿನ ಬೇರೆ ವಸ್ತು. ಅದು ಪಶ್ಚಿಮಘಟ್ಟದ ಕಾಡಿನ ದಪ್ಪ ಬಳ್ಳಿ, ಕುಯ್ದರೆ ಒಳಗೆ ಹಳದಿ. ಅದರಲ್ಲಿರುವುದು ಬರ್ಬರಿನ್ ಎಂಬ ಅಂಶ. ನಿಧಾನವಾಗಿ ಬೆಳೆಯುವ ಬಳ್ಳಿ, ಮಾರಾಟಕ್ಕೆ ಕಡಿದು ಕಡಿದು ಅಳಿವಿನ ಅಂಚಿಗೆ ಬಂದಿದೆ. ಅದನ್ನು ಕಾಡಿನಿಂದ ತರಿಸಿಕೊಳ್ಳಬೇಡಿ.

ಕ್ಯಾಪ್ಸೂಲ್ ತಗೊಂಡರೆ ಲಿವರ್ ಹಾಳಾಗುತ್ತದೆ ಎಂಬುದು ನಿಜವಾ?

ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗಿದೆ. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಪೂರಕ ಗುಳಿಗೆ ತಿಂದವರಲ್ಲಿ ಲಿವರ್ ಉರಿಯೂತದ ಹಲವು ಪ್ರಕರಣಗಳು ಬಂದವು. ಅಮೆರಿಕದಲ್ಲಿ ಔಷಧಿಗಳಿಂದ ಆಗುವ ಲಿವರ್ ಹಾನಿಯನ್ನು ದಾಖಲಿಸುವ ವೈದ್ಯರ ಜಾಲ 2022ರಲ್ಲಿ 10 ಜನರ ವಿವರ ಕೊಟ್ಟಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ವಂಶವಾಹಿ ಗುರುತು ಕಂಡುಬಂತು. ಅಂದರೆ ಹುಟ್ಟಿನಿಂದಲೇ ಕೆಲವರ ಮೈ ಇದಕ್ಕೆ ಒಗ್ಗುವುದಿಲ್ಲ. ಕೆಲವರು ತಿಂದ ಗುಳಿಗೆಯಲ್ಲಿ ಮೆಣಸಿನ ಅಂಶವೂ ಇತ್ತು. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಹೊರಡಿಸಿದರು. ಅಡುಗೆಯಲ್ಲಿ ಬಳಸುವ ಪ್ರಮಾಣಕ್ಕೆ ಇದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಹೇಳಿದ್ದಾರೆ.

ಗುಳಿಗೆ ಶುರು ಮಾಡಿದ ಮೇಲೆ ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ಸುಸ್ತಾದರೆ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ. ಡಾಕ್ಟರ್ ಏನೇನು ತಗೊಳ್ತಿದ್ದೀರಿ ಅಂತ ಕೇಳಿದಾಗ ನಮ್ಮ ಜನ ಇದನ್ನು ಹೇಳುವುದೇ ಇಲ್ಲ. ಅರಿಶಿನ ತಾನೇ, ಅದೇನು ಔಷಧಿಯಾ ಅಂತ. ತಪ್ಪುವುದು ಅಲ್ಲೇ.

ಇನ್ಯಾರು ಹುಷಾರಾಗಿರಬೇಕು?

ಅಡುಗೆಯ ಅರಿಶಿನಕ್ಕೆ ಹೆದರುವ ಅಗತ್ಯ ಯಾರಿಗೂ ಇಲ್ಲ. ಗುಳಿಗೆ, ದಿನಾ ಚಮಚಗಟ್ಟಲೆ ಪುಡಿ ತಗೊಳ್ಳುವವರ ಮಾತು ಬೇರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮೊದಲು. ನ್ಯೂಜಿಲೆಂಡಿನಲ್ಲಿ ವಾರ್ಫರಿನ್ ತಗೊಳ್ಳುತ್ತಿದ್ದ ಒಬ್ಬರು ಅರಿಶಿನದ ಉತ್ಪನ್ನ ಶುರು ಮಾಡಿದ ಕೆಲವೇ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಅಂಕಿ 10 ದಾಟಿತ್ತು. ಈ ಮಾತ್ರೆ ತಗೊಳ್ಳುವವರಲ್ಲಿ ಅದು ಸಾಮಾನ್ಯವಾಗಿ 2ರಿಂದ 3ರ ಮಧ್ಯೆ ಇರಬೇಕು. ಅಲ್ಲಿನ ಸರ್ಕಾರ 2018ರಲ್ಲಿ ಎಚ್ಚರಿಸಿತು. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೂ ಬೇಡ, ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡುತ್ತದೆ. ಅರಿಶಿನದಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಜಾಸ್ತಿ, ಹಾಗಾಗಿ ಕಿಡ್ನಿ ಸ್ಟೋನ್ ಆಗುವವರು ಮಿತಿಯಲ್ಲಿರಬೇಕು. ರಕ್ತಹೀನತೆ ಇದ್ದವರಿಗೆ ಕಬ್ಬಿಣದ ಅಂಶ ಹತ್ತುವುದಕ್ಕೆ ತಡೆಯಾಗಬಹುದು. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಗುಳಿಗೆ ನಿಲ್ಲಿಸಿ.

ಗರ್ಭಿಣಿಯರು ಊಟದ ಅರಿಶಿನ ಧಾರಾಳವಾಗಿ ತಿನ್ನಬಹುದು, ಗುಳಿಗೆ ಬೇಡ. ಬಾಣಂತಿಗೆ ಎಣ್ಣೆ ಅರಿಶಿನ ಹಚ್ಚಿ ಎರೆಯುವುದು ಹಿತವೇ, ಹೊಲಿಗೆ ಹಾಕಿದ ಜಾಗ ಬಿಟ್ಟು.

ಕಲಬೆರಕೆ ಪತ್ತೆ ಮಾಡುವುದು ಹೇಗೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಒಳ್ಳೆಯದಾಗಲಿ ಅಂತ ತಿನ್ನುವ ಪುಡಿಯಲ್ಲೇ ಸೀಸ ಇದ್ದರೆ? ಸೀಸದ ಕ್ರೋಮೇಟ್ ಎಂಬುದು ಪೇಂಟಿಗೆ ಹಾಕುವ ಹಳದಿ ಬಣ್ಣ. ಕೊಂಬು ಪಾಲಿಶ್ ಮಾಡುವಾಗ ಅದನ್ನು ಉದುರಿಸಿದರೆ ಹಳೆಯ, ಮಾಸಿದ ಮಾಲೂ ಮಿರಮಿರ ಮಿಂಚುತ್ತದೆ. ಬಾಂಗ್ಲಾದೇಶದಲ್ಲಿ ಈ ಚಟ ಶುರುವಾಗಿದ್ದು 1980ರ ದಶಕದ ಪ್ರವಾಹದ ನಂತರ. ಒದ್ದೆಯಾಗಿ ಕಪ್ಪಿಟ್ಟ ಅರಿಶಿನವನ್ನು ಮಾರಲು ಹುಡುಕಿದ ದಾರಿ ಅದು. ಗರ್ಭಿಣಿಯರ ರಕ್ತದಲ್ಲಿ ಸೀಸ ಯಾಕಿದೆ ಅಂತ ಹುಡುಕಿಕೊಂಡು ಹೋದ ಸಂಶೋಧಕರು ಕೊನೆಗೆ ಬಂದು ನಿಂತಿದ್ದು ಅರಿಶಿನದ ಡಬ್ಬಿಯ ಮುಂದೆ. 2019ರ ನಂತರ ಅಲ್ಲಿನ ಸರ್ಕಾರ ಸಗಟು ವ್ಯಾಪಾರಿಗಳ ಮೇಲೆ ದಾಳಿ ಮಾಡಿ, ದಂಡ ಹಾಕಿ, ಬಹುಮಟ್ಟಿಗೆ ನಿಲ್ಲಿಸಿತು. ನಮ್ಮ ದೇಶದಲ್ಲೂ ಕೆಲವು ನಗರಗಳ ಮಾದರಿಗಳಲ್ಲಿ ಸೀಸ ಸಿಕ್ಕಿದೆ. ಮಕ್ಕಳ ಮಿದುಳಿಗೆ ಸೀಸ ಸ್ವಲ್ಪ ಪ್ರಮಾಣದಲ್ಲೂ ಒಳ್ಳೆಯದಲ್ಲ.

ಮನೆಯಲ್ಲಿ ಒಂದು ಸುಲಭ ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಹಾಕಿ, ಕದಡದೆ ಬಿಡಿ. ಒಳ್ಳೆಯ ಪುಡಿ ತಳಕ್ಕೆ ಇಳಿಯುತ್ತದೆ, ನೀರು ತಿಳಿ ಹಳದಿಯಾಗಿರುತ್ತದೆ. ಬಣ್ಣ ಹಾಕಿದ್ದಾದರೆ ನೀರೆಲ್ಲ ಗಾಢ ಹಳದಿ. ಇಡೀ ಕೊಂಬನ್ನು ನೀರಿಗೆ ಹಾಕಿದಾಗ ಬಣ್ಣ ಬಿಟ್ಟರೂ ಅನುಮಾನ ಪಡಬೇಕು. ಇದರಲ್ಲಿ ಪಾಸಾಯಿತು ಅಂದ ಮಾತ್ರಕ್ಕೆ ಸೀಸ ಇಲ್ಲ ಅಂತ ಅರ್ಥ ಅಲ್ಲ. ಅದನ್ನು ಖಚಿತವಾಗಿ ಹೇಳುವುದು ಲ್ಯಾಬ್ ಮಾತ್ರ. ಹಾಗಾಗಿ ಪಾಲಿಶ್ ಕಮ್ಮಿ ಇರುವ, ಮಂಕು ಹಳದಿಯ ಕೊಂಬು ತಂದು, ಬಿಸಿಲಿಗೆ ಹಾಕಿ, ಜಜ್ಜಿ, ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಳ್ಳುವುದೇ ವಾಸಿ. ಮಿಲ್ಲಿನವನಿಗೆ ಮೊದಲೇ ಹೇಳಿ, ಮೆಣಸಿನಕಾಯಿ ಬೀಸಿದ ಮೇಲೆ ನಿಮ್ಮದು ಹಾಕಿದರೆ ಹಾಲು ಕುಡಿಯುವಾಗ ಗೊತ್ತಾಗುತ್ತದೆ.

ಯಾವ ಊರಿನ ಅರಿಶಿನ ಒಳ್ಳೆಯದು?

ನಮ್ಮಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಚೆನ್ನಾಗಿ ಬೆಳೆಯುತ್ತಾರೆ, ಮಾರುವುದಕ್ಕೆ ಈರೋಡಿಗೆ ಒಯ್ಯುತ್ತಾರೆ. ಬೆಳಗಾವಿ, ಬಾಗಲಕೋಟೆಯ ಮಾಲು ಸಾಂಗ್ಲಿಗೆ ಹೋಗುತ್ತದೆ. ಈರೋಡ್ ಮತ್ತು ಸಾಂಗ್ಲಿ ಎರಡರ ಅರಿಶಿನಕ್ಕೂ ಊರಿನ ಹೆಸರಿಗೆ ಕೊಡುವ ಜಿಐ (ಭೌಗೋಳಿಕ) ಗುರುತು ಸಿಕ್ಕಿದೆ. ಹಾಗಾಗಿ ಅಲ್ಲಿನ ಹೆಸರಿನಲ್ಲಿ ನೀವು ಕೊಳ್ಳುವ ಪೊಟ್ಟಣದಲ್ಲಿ ನಮ್ಮ ರೈತರ ಬೆಳೆ ಇದ್ದರೂ ಇರಬಹುದು. ಮೇಘಾಲಯದ ಲಕಡಾಂಗ್ ಅರಿಶಿನದಲ್ಲಿ ಕರ್ಕ್ಯುಮಿನ್ ಶೇ. 7ರ ಆಸುಪಾಸು ಇರುತ್ತದೆ, ಬೆಲೆಯೂ ಹಾಗೆಯೇ. ಸಾರಿಗೆ ಅಷ್ಟು ದುಬಾರಿಯದು ಬೇಕಿಲ್ಲ. ಜನವರಿಯಿಂದ ಮಾರ್ಚಿನವರೆಗೆ ಹೊಸ ಮಾಲು ಬರುತ್ತದೆ, ಆಗ ವರ್ಷಕ್ಕಾಗುವಷ್ಟು ಕೊಂಬು ತಂದಿಟ್ಟುಕೊಳ್ಳಿ. ಪುಡಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಮಾಡಿಸಿ, ಬೆಳಕು ಬೀಳದ ಡಬ್ಬಿಯಲ್ಲಿಡಿ.

ಅರಿಶಿನದ ಎಲೆಗೂ ಗುಣ ಇದೆಯಾ?

ಎಲೆಯಲ್ಲಿ ಕರ್ಕ್ಯುಮಿನ್ ಅತ್ಯಲ್ಪ, ಪರಿಮಳದ ಎಣ್ಣೆ ಧಾರಾಳ. ಕರಾವಳಿಯಲ್ಲಿ ನಾಗರಪಂಚಮಿಗೆ ಅಕ್ಕಿಹಿಟ್ಟು ಸವರಿ, ಕಾಯಿ ಬೆಲ್ಲ ತುಂಬಿ, ಎಲೆ ಮಡಚಿ ಹಬೆಯಲ್ಲಿ ಬೇಯಿಸುವ ಕಡುಬು ಮಾಡುತ್ತಾರೆ. ಕೊಂಕಣಿಯವರ ಪಾತೋಳಿ ಅದೇ. ಹಬೆ ಪಾತ್ರೆಯ ಮುಚ್ಚಳ ತೆಗೆದಾಗ ಮನೆಯೆಲ್ಲ ಘಮಘಮ. ಆರೋಗ್ಯದ ನೆಪ ಬೇಡ, ತಿನ್ನಿ.

ಪೂಜೆಗೆ ತಂದ ಅರಿಶಿನವನ್ನು ಅಡುಗೆಗೆ, ಹಾಲಿಗೆ ಹಾಕಬಹುದಾ?

ಹಾಕಬೇಡಿ. ಪೂಜೆಗೆ ಅಂತ ಮಾರುವ ಪುಡಿಗೆ ಆಹಾರದ ನಿಯಮ ಅನ್ವಯಿಸುವುದಿಲ್ಲ. ಹಿಟ್ಟು, ಬಣ್ಣ ಏನು ಬೇಕಾದರೂ ಇರಬಹುದು. ಜಾತ್ರೆಯಲ್ಲಿ ಎರಚುವ ಭಂಡಾರದ ವಿಷಯವೂ ಅಷ್ಟೇ, ಬಾಯಿಗೆ ಹಾಕಿಕೊಳ್ಳುವ ಮೊದಲು ಯೋಚಿಸಿ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಅಡುಗೆಯದನ್ನು ಪೂಜೆಗೆ ಬಳಸಲು ಯಾವ ಅಡ್ಡಿಯೂ ಇಲ್ಲ.

ಗಾಯಕ್ಕೆ ಹಚ್ಚಿದ್ದು ಬಟ್ಟೆಗೆ ಹತ್ತಿತು. ಸೋಪು ಹಾಕಿದರೆ ಕೆಂಪಾಯಿತು. ಕಲಬೆರಕೆಯಾ?

ಅಲ್ಲ. ಸೋಪಿನಲ್ಲಿ ಕ್ಷಾರ ಇದೆ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುವುದು, ಅರಿಶಿನಕ್ಕೆ ನಿಂಬೆಹುಳಿ ಮತ್ತು ಕ್ಷಾರ ಸೇರಿಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಬಟ್ಟೆಗೆ ಸ್ವಲ್ಪ ನಿಂಬೆರಸ ಹಿಂಡಿದರೆ ಕೆಂಪು ಹೋಗಿ ಹಳದಿ ವಾಪಸ್ ಬರುತ್ತದೆ. ಆಮೇಲೆ ಚೆನ್ನಾಗಿ ಒಗೆದು ಒಂದೆರಡು ದಿನ ಕಡು ಬಿಸಿಲಿಗೆ ಹಾಕಿ. ಕರ್ಕ್ಯುಮಿನ್ ಬೆಳಕಿಗೆ ತಡೆಯುವುದಿಲ್ಲ, ಕಲೆ ತಾನಾಗಿ ಮಾಸುತ್ತದೆ. ಬಣ್ಣದ ಬಟ್ಟೆಯಾದರೆ ಒಳಮಗ್ಗುಲು ಮೇಲೆ ಮಾಡಿ ಹಾಕಿ, ಇಲ್ಲದಿದ್ದರೆ ಕಲೆಯ ಜೊತೆ ಬಟ್ಟೆಯ ಬಣ್ಣವೂ ಹೋಗುತ್ತದೆ.